ಖಾಲಿ ಟಾಕಿಯೊಳಗಿನ ಬೆಂಕಿ

ಮೂರು ಚಮಚ ಪೆಟ್ರೋಲು, ಅದೂ ಸಕ್ಕರೆ ಹಾಕಿಕೊಳ್ಳುವ ಸಣ್ಣ ಚಮಚದಲ್ಲಿ. 200 ಲೀಟರಿನ ಕಬ್ಬಿಣದ ಬ್ಯಾರಲ್ಲಿನ ತಳದಲ್ಲಿ ಇಷ್ಟು ಉಳಿದು ಆವಿಯಾದರೆ ಒಳಗಿನ ಗಾಳಿಯೆಲ್ಲ ಸಿಡಿಯಲು ಸಿದ್ಧವಾಗಿರುತ್ತದೆ. ಬ್ಯಾರಲ್ಲನ್ನು ಬೋರಲು ಹಾಕಿ, ಕೊನೆಯ ಹನಿ ತೊಟ್ಟಿಕ್ಕುವವರೆಗೆ ಕಾದು, ‘ಖಾಲಿ ಆತು’ ಎಂದು ಕೈ ಒರೆಸಿಕೊಳ್ಳುತ್ತೇವಲ್ಲ, ಆಗಲೂ ಅಂಚಿನ ಮಡಿಕೆಯಲ್ಲಿ, ತುಕ್ಕಿನ ಹಕ್ಕಳೆಯ ಅಡಿಯಲ್ಲಿ, ತಳದ ರಾಡಿಯಲ್ಲಿ ಇದಕ್ಕಿಂತ ಹೆಚ್ಚೇ ಉಳಿದಿರುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಪೆಟ್ರೋಲು ಪೂರ್ತಿ ಆವಿಯಾದರೆ ಸುಮಾರು 200 ಲೀಟರಿನಷ್ಟು ಜಾಗ ಹಿಡಿಯುತ್ತದೆ. ಗಾಳಿಯಲ್ಲಿ ಈ ಆವಿಯ ಪಾಲು ಶೇ 1.4ಕ್ಕಿಂತ ಕಡಿಮೆಯಿದ್ದರೆ ಕಡ್ಡಿ ಗೀರಿದರೂ ಹತ್ತಿಕೊಳ್ಳುವುದಿಲ್ಲ. ಶೇ 7.6 ದಾಟಿದರೆ ಉರಿಯಲು ಆಮ್ಲಜನಕ ಸಾಲದೆ, ಆಗಲೂ ಹತ್ತಿಕೊಳ್ಳುವುದಿಲ್ಲ. ಅಪಾಯವೆಲ್ಲ ಈ ಎರಡು ಗೆರೆಗಳ ನಡುವೆ. 200 ಲೀಟರಿನ ಬ್ಯಾರಲ್ಲಿಗೆ ಅದು 15ರಿಂದ 75 ಮಿಲಿಲೀಟರ್ ಪೆಟ್ರೋಲು, ಅಂದರೆ ಮೂರು ಚಮಚದಿಂದ ಒಂದು ಸಣ್ಣ ಚಹಾ ಲೋಟದವರೆಗೆ. ಪೆಟ್ರೋಲು ತುಂಬಿದ ಟಾಕಿಯೊಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ, ಬೆಂಕಿ ಬಿದ್ದರೆ ಅದು ಟಾಕಿಯ ಬಾಯಲ್ಲಿ ಉರಿಯಬಹುದೇ ಹೊರತು ಒಳಗಿಳಿಯುವುದು ಕಷ್ಟ. ಅದೇ ಟಾಕಿಯನ್ನು ಬರಿದು ಮಾಡಿ ನೋಡಿ. ಹೊರಗಿನ ಗಾಳಿ ಒಳನುಗ್ಗಿ, ದಟ್ಟ ಆವಿಯನ್ನು ತೆಳುಮಾಡಿ, ಸಿಡಿಯುವ ಹದಕ್ಕೆ ತಂದು ಕೂಡಿಸುತ್ತದೆ. ವೆಲ್ಡಿಂಗಿಗೆ ಒಯ್ಯುವುದು ಈ ಬರಿದು ಮಾಡಿದ ಟಾಕಿಯನ್ನೇ.

ಈ ಲೆಕ್ಕ ನಮ್ಮ ಬಾಗಲಕೋಟೆ ಸೀಮೆಯ ಅಮೀನಗಡಕ್ಕೆ ಯಾಕೆ ಬೇಕು ಎಂದು ಕೇಳಬಹುದು. ಹೊರಗಿನವರಿಗೆ ಇದು ಕರದಂಟಿನ ಊರು. ಆದರೆ ಈ ಸೀಮೆ ನಡೆಯುವುದು ಡೀಸೆಲ್ಲಿನ ಮೇಲೆ. ಹೆದ್ದಾರಿಯ ಲಾರಿಗಳು, ಇಳಕಲ್ ಕೆಂಪು ಗ್ರಾನೈಟಿನ ಕ್ವಾರಿಗಳ ಕಂಪ್ರೆಸರು, ಜೆಸಿಬಿ, ಕಬ್ಬಿನ ಟ್ರ್ಯಾಕ್ಟರು, ಹೊಳೆ ದಂಡೆಯ ಪಂಪ್‌ಸೆಟ್ಟು, ಎಲ್ಲಕ್ಕೂ ಒಂದೊಂದು ಟಾಕಿ. ಅದು ಸೋರಿದರೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯೇ ಗತಿ. ಇದರ ಜೊತೆಗೆ ನೀರೂ ಇದೆ. ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ ಬರುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಸಂಗಮದ ಮೇಲ್ಗಡೆ ಆಲಮಟ್ಟಿ, ಕೆಳಗಡೆ ನಾರಾಯಣಪುರ, ಎರಡು ಜಲಾಶಯ. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತಾಗ ಹಿನ್ನೀರು ಹಳೆ ಬಾಗಲಕೋಟೆಯ ಅಂಗಳದವರೆಗೆ ಬರುತ್ತದೆ. ಮೊದಲು ಹರಗೋಲು ಸಾಕಾಗುತ್ತಿದ್ದ ಕಡೆ ಈಗ ಎಂಜಿನ್ನಿನ ಬೋಟು ಬಂದಿದೆ. ಜಮಖಂಡಿ ತಾಲ್ಲೂಕಿನ ಕಂಕಣವಾಡಿಯಲ್ಲಿ ಕೃಷ್ಣೆಯ ನಡುಗಡ್ಡೆಯಲ್ಲಿ ಹೊಲವಿರುವವರು ಬೋಟಿನಲ್ಲೇ ಬೇಸಾಯಕ್ಕೆ ಹೋಗಿಬರುತ್ತಿದ್ದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿದಾಗ, ಎಂಜಿನ್ ಕಟ್ಟಿದ ರಬ್ಬರ್ ಬೋಟು ಈ ಊರುಗಳ ಓಣಿಯೊಳಗೇ ಬಂದದ್ದನ್ನು ಜನ ಕಂಡಿದ್ದಾರೆ.

ಮಲ್ಪೆ, ಮಂಗಳೂರಿನಲ್ಲಿರುವಂತೆ ಬೋಟು ಕಟ್ಟುವ, ರಿಪೇರಿ ಮಾಡುವ ಯಾರ್ಡುಗಳು ಇಲ್ಲಿಲ್ಲ. ಹೀಗಾಗಿ ಬೋಟಿನ ಟಾಕಿ ತೂತಾದರೂ ಹೋಗುವುದು ಟ್ರ್ಯಾಲಿಯ ಕೊಂಡಿ, ಹೊಲದ ಗೇಟು, ಕುಂಟೆಯ ಕುಡ ಬೆಸೆಯುವ ಅದೇ ಮಿಸ್ತ್ರಿಯ ಹತ್ತಿರ. ಅವನ ಕೈ ಎಷ್ಟೇ ನುರಿತದ್ದಿರಲಿ, ತಂದುಕೊಟ್ಟ ಟಾಕಿಯಲ್ಲಿ ನಿನ್ನೆಯವರೆಗೆ ಏನಿತ್ತು ಎಂಬುದು ಅವನಿಗೆ ತಿಳಿಯದು.

ಡೀಸೆಲ್ ಐತಿ ಬಿಡ್ರಿ

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು: ‘ಪೆಟ್ರೋಲ್ ಅಲ್ರಿ, ಡೀಸೆಲ್ ಐತಿ ಬಿಡ್ರಿ, ಏನೂ ಆಗಂಗಿಲ್ಲ.’ ಇದರಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದೂ ಆ ಅರ್ಧದಲ್ಲೇ. ತಣ್ಣಗಿನ ಡೀಸೆಲ್ಲಿಗೆ ಉರಿಯುವ ಕಡ್ಡಿ ಎಸೆದರೆ ಕಡ್ಡಿಯೇ ಆರಿಹೋಗುತ್ತದೆ. ನೋಡಿದವರಿಗೆ ಧೈರ್ಯ ಬರುತ್ತದೆ. ಆದರೆ ಎಣ್ಣೆ ಯಾವುದೇ ಇರಲಿ, ಉರಿಯುವುದು ದ್ರವವಲ್ಲ, ಅದರ ಮೇಲಿನ ಆವಿ. ಎಷ್ಟು ಬಿಸಿಯಾದಾಗ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಏಳುತ್ತದೋ ಆ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ, ಅಂದರೆ ಹಿಮಾಲಯದ ಚಳಿಯಲ್ಲೂ ಪೆಟ್ರೋಲು ಹತ್ತಿಕೊಳ್ಳಲು ತಯಾರು. ಡೀಸೆಲ್ಲಿನದು ಬೇರೆ ಕಥೆ.

ಯುರೋಪಿನಲ್ಲಿ ಮಾರುವ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟ್ 55 ಡಿಗ್ರಿಗಿಂತ ಮೇಲಿರಬೇಕು. ಅಮೆರಿಕದಲ್ಲಿ ವಾಹನಗಳಿಗೆ ಬಳಸುವ ಸಾಮಾನ್ಯ ಡೀಸೆಲ್ಲಿಗೆ 52 ಡಿಗ್ರಿಯಾದರೂ ಬೇಕು. ನಮ್ಮ ಭಾರತೀಯ ಮಾನಕ ಐಎಸ್ 1460, ಬಂಕಿನಲ್ಲಿ ಸಿಗುವ ಹೈಸ್ಪೀಡ್ ಡೀಸೆಲ್ಲಿಗೆ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು ಎನ್ನುತ್ತದೆ. ಸೀಮೆಎಣ್ಣೆಗೂ ಅಷ್ಟೇ. ‘ಡೀಸೆಲ್ ಸುರಕ್ಷಿತ’ ಎಂದು ಹೇಳುವ ಎಷ್ಟೋ ಪುಸ್ತಕಗಳು ತಂಪು ದೇಶಗಳಲ್ಲಿ, ಅಲ್ಲಿಯ ಡೀಸೆಲ್ಲನ್ನು ನೋಡಿ ಬರೆದವು. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಬ್ಬಿಣದ ಟಾಕಿಯ ಮೇಲೆ ಕೈ ಇಟ್ಟು ನೋಡಿ, ಹತ್ತು ಎಣಿಸುವಷ್ಟು ಹೊತ್ತೂ ಇಡಲಾಗುವುದಿಲ್ಲ. ಆ ಕಾವಿನಲ್ಲಿ ಅರ್ಧ ತುಂಬಿದ ಡೀಸೆಲ್ ಟಾಕಿಯ ಮೇಲ್ಭಾಗದ ಆವಿ ಸಿಡಿಯುವ ಹದ ಮುಟ್ಟಿರಬಹುದು. ತುಂಬಿದ ಪೆಟ್ರೋಲ್ ಟಾಕಿಯಲ್ಲಿ ಒಳಗಿನ ಆವಿ ಅತಿ ದಟ್ಟವಾಗಿ ಕಾಪಾಡುತ್ತದೆ. ಬಿಸಿಲಿಗೆ ಬಿದ್ದ ಡೀಸೆಲ್ ಟಾಕಿಗೆ ಆ ರಕ್ಷಣೆಯೂ ಇಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಪೆಟ್ರೋಲಿಯಂ ಕಾನೂನು 23 ಡಿಗ್ರಿಗಿಂತ ಕೆಳಗೆ ಹತ್ತಿಕೊಳ್ಳುವುದನ್ನು ‘ಎ’ ವರ್ಗಕ್ಕೂ, 23ರಿಂದ 65ರವರೆಗಿನದನ್ನು ‘ಬಿ’ ವರ್ಗಕ್ಕೂ ಹಾಕಿದೆ. ಪೆಟ್ರೋಲು ಎ, ಡೀಸೆಲ್ ಮತ್ತು ಸೀಮೆಎಣ್ಣೆ ಬಿ. ಎರಡೂ ಅಪಾಯದ ಪಟ್ಟಿಯಲ್ಲೇ ಇವೆ.

ಬಿಸಿಯಾದ ಸೀಮೆಎಣ್ಣೆಯ ಆವಿ ಏನು ಮಾಡಬಲ್ಲದು ಎಂಬುದನ್ನು ಜಗತ್ತು ಕಲಿತದ್ದು 1996ರ ಜುಲೈ 17ರಂದು. ಅಂದು ರಾತ್ರಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಹನ್ನೆರಡು ನಿಮಿಷದಲ್ಲಿ ಆಕಾಶದಲ್ಲೇ ಸಿಡಿಯಿತು. 230 ಜನ ಸತ್ತರು. ವರ್ಷಗಟ್ಟಲೆ ನಡೆದ ತನಿಖೆ 2000ನೇ ಇಸವಿಯಲ್ಲಿ ಹೇಳಿದ್ದು: ಹೊಟ್ಟೆಯ ನಡುವಿನ ಇಂಧನ ಟಾಕಿ ಬಹುತೇಕ ಖಾಲಿಯಿತ್ತು, ತಳದಲ್ಲಿ ಒಂದಿಷ್ಟು ಎಣ್ಣೆ ಮಾತ್ರ ಉಳಿದಿತ್ತು. ಟಾಕಿಯ ಕೆಳಗೇ ಇದ್ದ ಹವಾನಿಯಂತ್ರಣದ ಯಂತ್ರಗಳು ಅದನ್ನು ಕಾಯಿಸಿದವು, ಆವಿ ಸಿಡಿಯುವ ಹದಕ್ಕೆ ಬಂತು. ಕಿಡಿ ಎಲ್ಲಿಂದ ಬಂತು ಎಂದು ಖಚಿತವಾಗಿ ಹೇಳಲು ಆಗಲಿಲ್ಲ, ವೈರಿನ ಶಾರ್ಟ್ ಸರ್ಕ್ಯೂಟ್ ಇದ್ದೀತು ಎಂದರು. ವಿಮಾನದ ಎಣ್ಣೆ ಅಂದರೆ ಶುದ್ಧ ಮಾಡಿದ ಸೀಮೆಎಣ್ಣೆಯೇ, ಅದೂ ‘ಸುಮ್ಮನೆ ಹತ್ತಿಕೊಳ್ಳದ’ ಎಣ್ಣೆ ಎಂಬ ಹೆಸರು ಪಡೆದದ್ದು. 2008ರಲ್ಲಿ ಅಮೆರಿಕ ಇಂಥ ಟಾಕಿಗಳೊಳಗೆ ನೈಟ್ರೋಜನ್ ತುಂಬುವ ವ್ಯವಸ್ಥೆಯತ್ತ ವಿಮಾನ ಕಂಪನಿಗಳನ್ನು ನಡೆಸುವ ನಿಯಮ ತಂದಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಪೆಟ್ರೋಲಿಗೂ ಡೀಸೆಲ್ಲಿಗೂ ಒಂದೇ ಕ್ಯಾನು, ಒಂದೇ ಲಾಳಿಕೆ. ಬೈಕಿಗೆ ಸುರಿದು ಉಳಿದದ್ದನ್ನು ತೊಳೆಯದೆ ಅದೇ ಕ್ಯಾನಿನಲ್ಲಿ ಬೋಟಿಗೆ ಡೀಸೆಲ್ ತಂದರೆ ಆ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟ್ ಥಟ್ಟನೆ ಕುಸಿಯುತ್ತದೆ. ಆಮೇಲೆ ಅದು ಹೆಸರಿಗೆ ಮಾತ್ರ ಡೀಸೆಲ್. ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತದೆ, ಅಲ್ಲಿ ಎರಡು ಎಣ್ಣೆ ಒಂದೇ ದೋಣಿಯಲ್ಲಿ ಇರಲೇಬೇಕು. ಅಂಥ ಎಂಜಿನ್ನಿನ ಟಾಕಿಯನ್ನು ಕೈಗೆ ತೆಗೆದುಕೊಳ್ಳುವವನು ಅದನ್ನು ಪೆಟ್ರೋಲ್ ಟಾಕಿ ಎಂದೇ ಭಾವಿಸುವುದು ಒಳ್ಳೆಯದು.

ತೂತಿಲ್ಲದ ತಳ

ಬೈಕು, ಟ್ರ್ಯಾಕ್ಟರಿಗಿಂತ ಬೋಟಿನ ಟಾಕಿ ಯಾಕೆ ಹೆಚ್ಚು ಅಪಾಯ? ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೇರದೆ ಕೆಳಗೆ ಹರಿಯುತ್ತದೆ. ಟ್ರ್ಯಾಕ್ಟರಿನ ಟಾಕಿ ಸೋರಿದರೆ ಆವಿ ನೆಲಕ್ಕೆ ಬಿದ್ದು ಬಯಲ ಗಾಳಿಗೆ ಚದುರಿಹೋಗುತ್ತದೆ. ಬೋಟಿನ ತಳ ಬೋಗುಣಿಯಂತೆ, ನೀರು ಒಳಬಾರದಂತೆ ಮಾಡಿದ್ದು ಆವಿಯನ್ನೂ ಹೊರಬಿಡುವುದಿಲ್ಲ. ಹಲಗೆಯ ಕೆಳಗೆ, ಬ್ಯಾಟರಿಯ ಪಕ್ಕ, ಸೋರಿದ ನೀರು ಹೊರಹಾಕುವ ಪಂಪಿನ ಬುಡದಲ್ಲಿ ಆವಿ ಕೂತಿರುತ್ತದೆ. ಪಂಪು ತಾನೇ ಚಾಲೂ ಆಗುವ ಬಗೆಯದಾದರೆ ನೀರೇರಿದ ಕೂಡಲೇ ಸ್ವಿಚ್ಚಿನ ಕಿಡಿ. ಎಂಜಿನ್ನಿನ ಸ್ಟಾರ್ಟರ್ ತಿರುಗಿದ ಕೂಡಲೇ ಇನ್ನೊಂದು ಕಿಡಿ. ಅಮೆರಿಕದಲ್ಲಿ, ಎಂಜಿನ್ ಒಳಗಿರುವ ಪೆಟ್ರೋಲ್ ಬೋಟುಗಳಲ್ಲಿ ಚಾಲೂ ಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ ಓಡಿಸಿ, ಆಮೇಲೆ ಮೂಸಿ ನೋಡಿ ಎಂದು ಬೋರ್ಡೇ ಹಚ್ಚಿರುತ್ತಾರೆ. ನಮ್ಮ ತೆರೆದ ದೋಣಿಗಳಿಗೆ ಬ್ಲೋವರ್ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಹಲಗೆ ಎತ್ತಿ ತಳಕ್ಕೆ ಗಾಳಿಯಾಡಿಸುವುದಕ್ಕೆ ಯಾವ ಯಂತ್ರವೂ ಬೇಡ.

ಆವಿ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಜೈಪುರದ ಉದಾಹರಣೆ ಸಾಕು. 2009ರ ಅಕ್ಟೋಬರ್ 29ರ ಸಂಜೆ ಸೀತಾಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲು ಚಿಮ್ಮತೊಡಗಿ ಒಂದು ತಾಸಿಗಿಂತ ಹೆಚ್ಚು ಹೊತ್ತು ಸೋರಿತು. ನೆಲಕ್ಕಂಟಿ ಹರಡಿದ ಆವಿಗೆ ಎಲ್ಲೋ ಕಿಡಿ ತಾಗಿ ಇಡೀ ಡಿಪೋ ಸಿಡಿಯಿತು. ಹನ್ನೊಂದು ಜನ ಸತ್ತರು, ಬೆಂಕಿ ಹನ್ನೊಂದು ದಿನ ಉರಿಯಿತು. ನಮ್ಮದು ಐದು ಲೀಟರಿನ ಮಾತಿರಬಹುದು, ಆವಿಯ ನಡಿಗೆ ಮಾತ್ರ ಅದೇ. ಗ್ಯಾರೇಜಿನ ಒಂದು ಮೂಲೆಯಲ್ಲಿ ಟಾಕಿ ಬರಿದು ಮಾಡುತ್ತಿದ್ದರೆ ಇನ್ನೊಂದು ಮೂಲೆಯ ಗ್ರೈಂಡರ್ ನಿಲ್ಲಬೇಕು. ಗ್ರೈಂಡರಿನ ಕಿಡಿ ಹತ್ತು ಮೀಟರ್ ಹಾರುವುದು ದೊಡ್ಡ ಮಾತಲ್ಲ. ಪಕ್ಕದ ಅಂಗಡಿಯಲ್ಲಿ ಚಹಾದ ಸ್ಟೋವ್ ಉರಿಯುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬೀಡಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಬೀಡಿಯ ಕೆಂಡಕ್ಕಿಂತ ಅದನ್ನು ಹಚ್ಚುವ ಕಡ್ಡಿ ದೊಡ್ಡ ವೈರಿ ಎಂದು ಹೇಳುವವರು ಕಡಿಮೆ.

ಕಾಣದ ಕಿಡಿಯ ಮಾತೂ ಬರಲಿ. ಚಳಿಗಾಲದ ಒಣ ಹವೆಯಲ್ಲಿ ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಆ ಸ್ಥಾಯೀ ವಿದ್ಯುತ್ತು. ಬೆರಳಿಗೆ ಚುರುಕ್ ಎನ್ನಿಸುವ ಕಿಡಿಯ ಕಾಲುಭಾಗ ಶಕ್ತಿಯಿದ್ದರೂ ಪೆಟ್ರೋಲಿನ ಆವಿ ಹತ್ತಿಕೊಳ್ಳುತ್ತದೆ. ಅಂದರೆ ನಮಗೆ ಗೊತ್ತೇ ಆಗದ ಕಿಡಿಯೂ ಸಾಕು. ಪ್ಲಾಸ್ಟಿಕ್ ಕ್ಯಾನನ್ನು ಬೈಕಿನ ಮೇಲೆ, ಟ್ರ್ಯಾಲಿಯ ಮೇಲೆ ಇಟ್ಟುಕೊಂಡೇ ಪೆಟ್ರೋಲು ಹಾಕಿಸಿಕೊಳ್ಳುವುದು ಅದಕ್ಕೇ ತಪ್ಪು. ಎಣ್ಣೆ ಹರಿಯುವಾಗ ಹುಟ್ಟುವ ವಿದ್ಯುತ್ತಿಗೆ ಭೂಮಿಗಿಳಿಯುವ ದಾರಿ ಇರುವುದಿಲ್ಲ. ಲೋಹದ ಕ್ಯಾನು ನೆಲದ ಮೇಲಿರಬೇಕು, ಪೈಪಿನ ಬಾಯಿ ಕ್ಯಾನಿಗೆ ತಾಗಿರಬೇಕು, ಎಣ್ಣೆ ಮೇಲಿನಿಂದ ಧಾರೆಯಾಗಿ ಬೀಳದೆ ತಳ ಸೇರಬೇಕು. 1934ರ ಪೆಟ್ರೋಲಿಯಂ ಕಾಯಿದೆ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ 30 ಲೀಟರ್ ಪೆಟ್ರೋಲು ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಇಡಬೇಕಾದ ಪಾತ್ರೆಯ ಪಟ್ಟಿಯಲ್ಲಿ ಗಾಜು, ಪಿಂಗಾಣಿ, ಲೋಹ ಇವೆ, ನಮ್ಮ ಅಡುಗೆ ಎಣ್ಣೆಯ ಹಳೇ ಕ್ಯಾನು ಇಲ್ಲ. ಔಟ್‌ಬೋರ್ಡ್ ಎಂಜಿನ್ನಿನ ಬಿಡಿ ಟಾಕಿಯನ್ನು ದಂಡೆಗೆ ಇಳಿಸಿಯೇ ತುಂಬಿಸಬೇಕು. ಬೋಟಿನಲ್ಲಿ ಕೂತು ತುಂಬಿಸಿದರೆ ಚೆಲ್ಲಿದ್ದೆಲ್ಲ ತಳಕ್ಕೆ.

ಸೈಲೆನ್ಸರ್ ಹೊಗೆಯ ನಂಬಿಕೆ

ಈಗ ವೆಲ್ಡಿಂಗಿಗೆ ಬರೋಣ. ಟಾಕಿಯನ್ನು ನೀರಿನಲ್ಲಿ ಒಂದು ಸಲ ಅಲುಗಿಸಿ ಚೆಲ್ಲಿ, ಬಿಸಿಲಿಗೆ ಒಣಗಿಸಿ, ಮೂಸಿ ನೋಡಿ, ‘ವಾಸನಿ ಇಲ್ಲ’ ಎಂದು ಕೆಲಸ ಶುರು ಮಾಡುವ ರೂಢಿ ಎಲ್ಲೆಡೆ ಇದೆ. ಮೂಗು ಒಳ್ಳೆಯ ಉಪಕರಣವೇ ಹೌದು, ಸಿಡಿಯುವ ಮಟ್ಟಕ್ಕಿಂತ ಎಷ್ಟೋ ಕಡಿಮೆಯಿರುವಾಗಲೇ ಪೆಟ್ರೋಲು ಅದಕ್ಕೆ ತಿಳಿಯುತ್ತದೆ. ಆದರೆ ದಿನವಿಡೀ ಅದೇ ವಾಸನೆಯಲ್ಲಿ ದುಡಿಯುವ ಮೂಗು ಮಂಕಾಗಿರುತ್ತದೆ. ಇದಕ್ಕಿಂತ ದೊಡ್ಡ ಮೋಸ ಡೀಸೆಲ್ಲಿನದು. ತಣ್ಣಗಿದ್ದಾಗ ಟಾಕಿಯಲ್ಲಿ ಆವಿಯೇ ಇಲ್ಲದಿರಬಹುದು, ಅನಿಲ ಅಳೆಯುವ ಮೀಟರೂ ಸೊನ್ನೆ ತೋರಿಸಬಹುದು. ವೆಲ್ಡಿಂಗಿನ ಕಾವು ತಾಗಿದೊಡನೆ ತುಕ್ಕಿನಡಿಯ, ಜೋಡಣೆಯ ಸಂದಿನ, ಒಳಗಿನ ಅಡ್ಡ ತಗಡುಗಳ ಹಿಂದಿನ ಡೀಸೆಲ್ ಆವಿಯಾಗತೊಡಗುತ್ತದೆ. ಅದೇ ಕಾವಿನ ಹತ್ತಿರ ಅದೇ ಟಾಕಿಯಲ್ಲಿ ಉರಿಯೂ ಇದೆ. ಅಡ್ಡ ತಗಡಿರುವ ಟಾಕಿಯನ್ನು ಕೈಯಿಂದ ಪೂರ್ತಿ ತೊಳೆಯಲು ಆಗುವುದೇ ಇಲ್ಲ.

ಇನ್ನೊಂದು ಉಪಾಯವನ್ನು ಅನುಭವಸ್ಥ ಮಿಸ್ತ್ರಿಗಳೇ ಹೇಳುತ್ತಾರೆ: ಟ್ರ್ಯಾಕ್ಟರಿನ ಸೈಲೆನ್ಸರಿಗೆ ಪೈಪು ಹಚ್ಚಿ ಹೊಗೆಯನ್ನು ಟಾಕಿಯೊಳಗೆ ಬಿಡುವುದು. ಯೋಚನೆಯಲ್ಲಿ ತಪ್ಪಿಲ್ಲ, ಆಮ್ಲಜನಕ ಕಡಿಮೆಯಾದರೆ ಬೆಂಕಿ ಹತ್ತಿಕೊಳ್ಳದು. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಸುಮಾರು 11ಕ್ಕಿಂತ ಕೆಳಗಿಳಿದರೆ ಪೆಟ್ರೋಲಿನ ಆವಿಯೂ ಸಿಡಿಯುವುದಿಲ್ಲ. ಆದರೆ ಡೀಸೆಲ್ ಎಂಜಿನ್ನು ತನಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನುಂಗುತ್ತದೆ. ಭಾರವಿಲ್ಲದೆ ಸುಮ್ಮನೆ ಓಡುವಾಗ ಅದರ ಹೊಗೆಯಲ್ಲಿ ಆಮ್ಲಜನಕ ಶೇ 15ಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಹೊಗೆ ಕಪ್ಪಗಿದ್ದ ಮಾತ್ರಕ್ಕೆ ಅದರಲ್ಲಿ ಪ್ರಾಣವಾಯು ಇಲ್ಲವೆಂದಲ್ಲ. ಮೇಲಾಗಿ ಸೈಲೆನ್ಸರಿನಿಂದ ಒಂದೊಂದು ಸಲ ಕಿಡಿಯೂ ಬರುತ್ತದೆ. ‘ಇಪ್ಪತ್ತು ವರ್ಷ ಹಿಂಗ ಮಾಡೀನಿ, ಏನೂ ಆಗಿಲ್ಲ’ ಎಂಬ ಮಾತು ಸುಳ್ಳಲ್ಲ. ಆವಿ ಆ ಎರಡು ಗೆರೆಗಳ ಹೊರಗಿದ್ದಷ್ಟು ಸಲವೂ ಏನೂ ಆಗುವುದಿಲ್ಲ.

ಹಾಗಾದರೆ ದಾರಿ? ಎಣ್ಣೆಯನ್ನು ಬಯಲಲ್ಲಿ, ತಂಪು ಹೊತ್ತಿನಲ್ಲಿ, ಕೈಪಂಪಿನಿಂದ ತೆಗೆದು ಮುಚ್ಚಳವಿರುವ ಲೋಹದ ಪಾತ್ರೆಗೆ ಹಾಕಬೇಕು. ಅದಕ್ಕೂ ಮೊದಲು ಬ್ಯಾಟರಿಯ ಕೊಂಡಿ ಬಿಚ್ಚಬೇಕು, ಆವಿ ಎದ್ದ ಮೇಲೆ ಬಿಚ್ಚಿದರೆ ಆ ಕೊಂಡಿಯೇ ಕಿಡಿ ಕೊಡುತ್ತದೆ. ಟಾಕಿಯನ್ನು ಬೋಟಿನಿಂದ ಪೂರ್ತಿ ಹೊರತೆಗೆಯಬೇಕು, ಬೋಟಿನಲ್ಲೇ ಇಟ್ಟು ಬೆಸುಗೆ ಹಾಕುವ ಮಾತೇ ಬೇಡ. ಬಿಸಿ ನೀರು, ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ತೊಳೆದು, ರಾಡಿ ಬರುವುದು ನಿಂತ ಮೇಲೆ, ತೂತು ಮೇಲ್ಮುಖವಾಗುವಂತೆ ಟಾಕಿಯನ್ನಿಟ್ಟು, ಬೆಸುಗೆಯ ಜಾಗದ ಒಂದೆರಡು ಬೆರಳು ಕೆಳಗಿನವರೆಗೆ ನೀರು ತುಂಬಬೇಕು. ಒಳಗೆ ಗಾಳಿಗೆ ಜಾಗವೇ ಉಳಿಯದಿದ್ದರೆ ಆವಿಗೂ ಜಾಗವಿಲ್ಲ. ಉಳಿದ ಆ ಸಣ್ಣ ಜಾಗದ ಗಾಳಿ ಹಿಗ್ಗಿ ಹೊರಹೋಗಲು ಮುಚ್ಚಳ ತೆರೆದಿರಬೇಕು. ಮುಚ್ಚಿದ ಟಾಕಿ ಕಾದರೆ ಎಣ್ಣೆ ಇಲ್ಲದಿದ್ದರೂ ಒಡೆಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ನೈಟ್ರೋಜನ್ ಬಿಟ್ಟು, ಆಮ್ಲಜನಕ ಅಳೆದು ಮಾಡುತ್ತಾರೆ. ಅಳೆಯುವ ಮೀಟರಿಲ್ಲದೆ ನೈಟ್ರೋಜನ್ ನಂಬುವುದೂ ಒಂದು ಜೂಜು. ಇಷ್ಟೆಲ್ಲ ಮಾಡಿಯೂ ಅಡ್ಡ ತಗಡಿರುವ ಪೆಟ್ರೋಲ್ ಟಾಕಿಯನ್ನು ನಾನಾದರೆ ಬೆಸೆಯಲು ಕೊಡೆ. ಹೊಸ ಟಾಕಿಯ ಬೆಲೆ ಒಂದು ದಿನದ ಆಸ್ಪತ್ರೆ ಖರ್ಚಿಗಿಂತ ಕಡಿಮೆ.

ಕಾನೂನು ಈ ಮಾತನ್ನು ಎಂದೋ ಹೇಳಿಬಿಟ್ಟಿದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 37ನೇ ಕಲಮಿನಲ್ಲಿ, ಸಿಡಿಯುವ ಅಥವಾ ಹತ್ತಿಕೊಳ್ಳುವ ವಸ್ತು ಇದ್ದ ಯಾವ ಟಾಕಿಗೂ, ಆ ವಸ್ತು ಮತ್ತು ಅದರ ಆವಿಯನ್ನು ತೆಗೆಯದೆ ಅಥವಾ ಸಿಡಿಯದಂತೆ ಮಾಡದೆ ವೆಲ್ಡಿಂಗ್, ಬೆಸುಗೆ, ಕಟಿಂಗ್ ಮಾಡಕೂಡದು, ಕೆಲಸ ಮುಗಿದ ಮೇಲೂ ಲೋಹ ತಣ್ಣಗಾಗುವವರೆಗೆ ಅದರಲ್ಲಿ ಎಣ್ಣೆ ಹಾಕಕೂಡದು ಎಂದು ಬರೆದಿದ್ದರು. ಚೆನ್ನಾಗಿ ತಿಳಿದವರು ಬರೆದದ್ದು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಆ ಕಾಯಿದೆಯ ಲೆಕ್ಕದಲ್ಲಿ ಕಾರ್ಖಾನೆಯಾಗುತ್ತಿತ್ತು. ಮಿಸ್ತ್ರಿ, ಅವನ ತಮ್ಮ, ಒಬ್ಬ ಹುಡುಗ ಇರುವ ರಸ್ತೆ ಬದಿಯ ಅಂಗಡಿಗೆ ಇನ್‌ಸ್ಪೆಕ್ಟರೂ ಇಲ್ಲ, ಕಲಮೂ ಇಲ್ಲ. ಟಾಕಿ ಬೆಸೆಯುವ ಕೆಲಸ ಹೆಚ್ಚು ನಡೆಯುವುದೇ ಅಲ್ಲಿ.

ಕಲಮು ಇದ್ದ ಕಡೆಯೂ ಎಚ್ಚರ ತಪ್ಪುತ್ತದೆ. 2018ರ ಫೆಬ್ರವರಿ 13ರಂದು ಕೊಚ್ಚಿ ಹಡಗುಕಟ್ಟೆಯಲ್ಲಿ ರಿಪೇರಿಗೆ ಬಂದಿದ್ದ ಒಎನ್‌ಜಿಸಿಯ ‘ಸಾಗರ್ ಭೂಷಣ್’ ಹಡಗಿನೊಳಗೆ ಸ್ಫೋಟವಾಗಿ ಐವರು ಸತ್ತರು. ಅಲ್ಲಿ ಬೆರಳು ತೋರಿದ್ದು ಹಡಗಿನ ಎಣ್ಣೆಯತ್ತ ಅಲ್ಲ, ಗ್ಯಾಸ್ ಕಟರಿನ ಪೈಪಿನಿಂದ ಮುಚ್ಚಿದ ಜಾಗದಲ್ಲಿ ಸೋರಿ ತುಂಬಿದ ಅಸಿಟಿಲಿನ್‌ನತ್ತ. ಅಸಿಟಿಲಿನ್ ಸಿಡಿಯುವ ಹದ ಪೆಟ್ರೋಲಿಗಿಂತ ಬಹಳ ವಿಶಾಲ, ಶೇ 2.5ರಿಂದ ಶೇ 80ರವರೆಗೆ. ಊಟಕ್ಕೆ ಏಳುವಾಗ ಪೈಪು, ಟಾರ್ಚನ್ನು ಟಾಕಿಯ ಪಕ್ಕವೇ ಬಿಟ್ಟು ಹೋಗುವವರು ಸಿಲಿಂಡರಿನ ವಾಲ್ವನ್ನೂ ಬಿಗಿಯಾಗಿ ತಿರುಗಿಸಿ ಹೋಗಬೇಕು.

ಆವಿ ಬೆಂಕಿಯಿಲ್ಲದೆಯೂ ಕೊಲ್ಲುತ್ತದೆ. ದೊಡ್ಡ ಟಾಕಿಯೊಳಗೆ ತಲೆ ತೂರಿಸಿ ತಳ ಒರೆಸುವವನಿಗೆ ಮೊದಲು ತಲೆ ಸುತ್ತು, ಆಮೇಲೆ ಅಮಲು. ಅಮಲೇರಿದವನಿಗೆ ತನಗೇನಾಗುತ್ತಿದೆ ಎಂಬುದೂ ತಿಳಿಯದು. ಅವನನ್ನು ಎಳೆಯಲು ಇಳಿದ ಎರಡನೆಯವನೂ ಅಲ್ಲೇ ಬೀಳುತ್ತಾನೆ. ಸೊಂಟಕ್ಕೆ ಹಗ್ಗ, ಹೊರಗೆ ಹಗ್ಗ ಹಿಡಿದ ಒಬ್ಬ ಆಳು, ಇವಿಲ್ಲದೆ ಆಳು ಹಿಡಿಸುವ ಟಾಕಿಗೆ ಯಾರೂ ಇಳಿಯಬಾರದು. ಒಳಗೆ 230 ವೋಲ್ಟಿನ ಬಲ್ಬು ಇಳಿಬಿಡುವುದೂ ಬೇಡ, ಆ ಹಳೆಯ ಕಾರ್ಖಾನೆ ಕಾಯಿದೆಯೇ ಅಲ್ಲಿ 24 ವೋಲ್ಟಿನ ಮಿತಿ ಹಾಕಿತ್ತು. ಎಣ್ಣೆ ತಾಗಿದ ಬಟ್ಟೆಯನ್ನು ಮೈಮೇಲೆ ಒಣಗಲು ಬಿಡದೆ ಕೂಡಲೇ ಬಿಚ್ಚಬೇಕು. ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯುತ್ತ ಹರಡುತ್ತದೆ. ಎರಡು ಬಕೆಟ್ ಉಸುಕು ಮತ್ತು ಒಂದು ಡ್ರೈ ಪೌಡರ್ ಸಿಲಿಂಡರು ಕೈಗೆ ಸಿಗುವಲ್ಲಿರಬೇಕು, ಟಾಕಿಯ ಹಿಂದೆ ಅಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನ ಬಗ್ಗೆಯೂ ಒಂದು ಮಾತು ಉಳಿದಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಇದರಲ್ಲಿ ಮುಧೋಳ, ಜಮಖಂಡಿಯ ಕಬ್ಬಿನ ಪಾಲೂ ಇದೆ. ಎಥೆನಾಲ್ ನೀರನ್ನು ಹೀರುತ್ತದೆ. ಬೋಟಿನ ಟಾಕಿ ಸದಾ ನೀರಿನ ಹತ್ತಿರ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ. ನೀರು ಹೆಚ್ಚಾದಾಗ ಎಥೆನಾಲ್ ನೀರಿನೊಡನೆ ಬೇರೆಯಾಗಿ ತಳದಲ್ಲಿ ನಿಂತು ಕಬ್ಬಿಣವನ್ನು ತಿನ್ನತೊಡಗುತ್ತದೆ. ಹಳೆಯ ಬಗೆಯ ರಬ್ಬರ್ ಪೈಪು, ವಾಷರು ಉಬ್ಬಿ ಬಿರಿಯುತ್ತವೆ. ಸೋರುವ ಟಾಕಿಗಳು ಇನ್ನು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತವೆ. ಎರಡು ವರ್ಷಕ್ಕೊಮ್ಮೆ ಪೈಪು ಬದಲಿಸುವುದು ಟಾಕಿ ಬೆಸೆಯುವುದಕ್ಕಿಂತ ಅಗ್ಗ.

ತಾಲ್ಲೂಕುಗಳ ಐಟಿಐಗಳು, ಅಗ್ನಿಶಾಮಕ ಠಾಣೆಯವರು ಸೇರಿ ರಸ್ತೆ ಬದಿಯ ಮಿಸ್ತ್ರಿಗಳಿಗೆ ವರ್ಷಕ್ಕೆ ಅರ್ಧ ದಿನದ ಪಾಠ ಮಾಡಬಹುದು. ಖರ್ಚೇನೂ ಬಾರದು, ಒಂದು ತೂತಿನ ಟಾಕಿ, ಒಂದಿಷ್ಟು ನೀರು ಸಾಕು. ಅದು ಆಗುವವರೆಗೆ ಓದುಗರಲ್ಲಿ ಕೋರಿಕೆ ಒಂದೇ. ಟಾಕಿಯನ್ನು ಗ್ಯಾರೇಜಿಗೆ ಒಯ್ಯುವಾಗ ಅದರಲ್ಲಿ ಏನಿತ್ತು, ಯಾವಾಗ ತೆಗೆದಿರಿ, ಪೆಟ್ರೋಲು ಎಂದಾದರೂ ಬಿದ್ದಿತ್ತೇ ಎಂಬುದನ್ನು ಮಿಸ್ತ್ರಿಗೆ ಬಾಯಿಬಿಟ್ಟು ಹೇಳಿ, ಟಾಕಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಕೊಡಿ. ಕೇಳಿದ ಮೇಲೆ ಅವನು ‘ಇದನ್ನ ನಾ ಮಾಡಂಗಿಲ್ರಿ’ ಎಂದರೆ, ಇನ್ನೊಂದು ಅಂಗಡಿ ಹುಡುಕಬೇಡಿ.